ಬಿಸಿಲು, ಬೇಳೆ ಮತ್ತು ಪೇಟೆ: ಕಲಬುರಗಿಯ ಗಿರಣಿಗಳ ಇತಿಹಾಸ

ಒಂದೇ ಕಸುಬಿನ ಮಂದಿ ಒಂದೇ ಊರಿನಲ್ಲಿ, ಗೋಡೆಗೆ ಗೋಡೆ ತಾಗುವಂತೆ ನೆಲೆಸುವುದು ನಮ್ಮ ದೇಶಕ್ಕೆ ಹೊಸತಲ್ಲ. ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣ, ಚನ್ನಪಟ್ಟಣದ ಅರಗಿನ ಬಣ್ಣದ ಗೊಂಬೆ, ಹೀಗೆ ಊರಿನ ಹೆಸರನ್ನು ಹೇಳಿದೊಡನೆ ಕಸುಬಿನ ಹೆಸರೂ ನಾಲಗೆಗೆ ಬರುತ್ತದೆ. ವ್ಯಾಪಾರದ ಸಾಮಾನ್ಯ ತರ್ಕದಿಂದ ನೋಡಿದರೆ ಇದು ವಿಚಿತ್ರವೇ ಸರಿ. ಪೈಪೋಟಿಗೆ ಅಂಜುವ ವರ್ತಕನು ತನ್ನಂಥವರಿಂದ ದೂರ ಹೋಗಬೇಕಲ್ಲವೆ? ಆತನು ಹಾಗೆ ಮಾಡುವುದಿಲ್ಲ. ಎದುರಾಳಿಯ ಮಗ್ಗುಲಲ್ಲಿಯೇ ಅಂಗಡಿಯನ್ನು ತೆರೆಯುತ್ತಾನೆ. ದಿನವೆಲ್ಲ ಅವನನ್ನು ಬೈಯುತ್ತಾನೆ. ಸಂಜೆ ಅವನೊಡನೆಯೇ ಚಹಾ ಕುಡಿಯುತ್ತಾನೆ. ಈ ವಿಚಿತ್ರದ ಒಳಗುಟ್ಟನ್ನು ಈ ಹೊತ್ತು ನಾವು ಕಲಬುರಗಿಯ ತೊಗರಿಬೇಳೆಯ ಗಿರಣಿಗಳನ್ನು ಮುಂದಿಟ್ಟುಕೊಂಡು ವಿಚಾರಮಾಡಲು ಅಪೇಕ್ಷಿಸಿದ್ದೇವೆ. ಶ್ರೋತೃಗಳಲ್ಲಿ ಬಹುಮಂದಿ ಇಂದು ಮಧ್ಯಾಹ್ನ ಉಂಡ ಸಾರಿನಲ್ಲಿ ಈ ಊರಿನ ಬೇಳೆಯೇ ಬೆಂದಿದ್ದರೂ ಇರಬಹುದು; ಆದುದರಿಂದ ವಿಷಯವು ತೀರ ದೂರದ್ದೇನಲ್ಲ.

ಊರಿನ ಹಳೆಯ ಭಾಗವಾದ ಶಹಾಬಜಾರದಿಂದ ಆರಂಭಿಸುವುದು ಯುಕ್ತ. ‘ಶಹಾಬಜಾರ’ವೆಂದರೆ ಬಾದಶಹನ ಪೇಟೆ. 1347ರಲ್ಲಿ ಬಹಮನೀ ರಾಜ್ಯವು ಸ್ಥಾಪಿತವಾಗಿ ಕಲಬುರಗಿಯು ಅದರ ರಾಜಧಾನಿಯಾದ ಮೇಲೆ ಕೋಟೆಯ ಹೊರಗೆ ಬೆಳೆದ ಊರಿನ ಕುರುಹುಗಳಲ್ಲಿ ಇಲ್ಲಿಯ ಹಳೆಯ ಮಸೀದಿಯೂ ಒಂದು. ರಾಜಧಾನಿಯೆಂದ ಮೇಲೆ ದಂಡು, ದಂಡಿಗೆ ಕಾಳು, ಕುದುರೆಗೆ ಹುರುಳಿ, ಇವೆಲ್ಲಕ್ಕೂ ಹಣ ಬೇಕಷ್ಟೆ. ಒಂದನೆಯ ಮಹಮ್ಮದ ಶಹನು ತನ್ನ ಹೆಸರಿನಲ್ಲಿ ನಾಣ್ಯ ಹೊಡೆಯಿಸಿದಾಗ ಪೇಟೆಯ ಸರಾಫರು ಅದನ್ನು ಕರಗಿಸಿ ಹಳೆಯ ನಾಣ್ಯಗಳನ್ನೇ ಚಲಾವಣೆಯಲ್ಲಿ ಇರಿಸಿದರೆಂದೂ, ದೊರೆಯು ಅವರನ್ನು ಅತಿ ಕ್ರೂರವಾಗಿ ದಂಡಿಸಿದನೆಂದೂ ಇತಿಹಾಸಕಾರನಾದ ಫೆರಿಷ್ತನು ಬರೆದಿಟ್ಟಿದ್ದಾನೆ. ದೊರೆಯ ಕತ್ತಿಯು ಸರಾಫರ ಕುತ್ತಿಗೆಯನ್ನು ಕತ್ತರಿಸಬಲ್ಲುದು, ಪೇಟೆಯ ನಂಬಿಕೆಯನ್ನು ಹುಟ್ಟಿಸಲಾರದು. ಈ ಸಂಗತಿ ಮುಂದೆ ನಮಗೆ ಉಪಯೋಗಕ್ಕೆ ಬರುತ್ತದೆ.

15ನೆಯ ಶತಮಾನದ ಮೊದಲ ಭಾಗದಲ್ಲಿ ರಾಜಧಾನಿಯು ಬೀದರಿಗೆ ಹೋಯಿತು. ದೊರೆ ಹೋದರೂ ಪೇಟೆ ಉಳಿಯಿತು. ಖ್ವಾಜಾ ಬಂದೇ ನವಾಜರ ದರ್ಗಾಕ್ಕೆ ಬರುವ ಜನವೂ, ತರುವಾಯದ ಕಾಲದಲ್ಲಿ ದಾಸೋಹಕ್ಕೆ ಹೆಸರಾದ ಶರಣಬಸವೇಶ್ವರರ ಜಾತ್ರೆಗೆ ಸುತ್ತಣ ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ಬರುವ ಜನವೂ ಊರನ್ನು ಬರಿದಾಗಲು ಬಿಡಲಿಲ್ಲ. ಹಾಗೆಂದು ಬಹಮನೀ ಪೇಟೆಯಿಂದ ಇಂದಿನ ಬೇಳೆಗಿರಣಿಗೆ ನೇರವಾದ ಒಂದು ದಾರವನ್ನು ಎಳೆದುಬಿಟ್ಟರೆ ಅದು ಕಥೆಯಾದೀತೇ ಹೊರತು ಇತಿಹಾಸವಾಗದು. ನಡುವೆ ನಾಲ್ಕು ಶತಮಾನಗಳ ಅಂತರವುಂಟು. ಗಿರಣಿಯ ಕಾಲಕ್ಕೆ ಬೇಕಾದ ಮೊದಲನೆಯ ಸಾಧನವು ಬಂದುದು ಉಗಿಬಂಡಿಯ ರೂಪದಲ್ಲಿ.

ಮುಂಬಯಿಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲುದಾರಿಯು 1860ರಲ್ಲಿ ಸೊಲ್ಲಾಪುರವನ್ನು ಮುಟ್ಟಿದ್ದಿತು. ಕಲಬುರಗಿಯನ್ನು ಹಾದು 1871ರಲ್ಲಿ ರಾಯಚೂರನ್ನು ಸೇರಿ ಮದರಾಸಿನ ದಾರಿಯೊಡನೆ ಕೂಡಿಕೊಂಡಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರಾಜ್ಯದ ದಾರಿ ತೆರೆಯಿತು. ಮುಂಬಯಿ, ಮದರಾಸು, ಹೈದರಾಬಾದು, ಈ ಮೂರು ದೊಡ್ಡ ಅಡುಗೆಮನೆಗಳಿಗೆ ಏಕಕಾಲದಲ್ಲಿ ಬಾಗಿಲು ತೆರೆದಂತಾಯಿತು. ಎತ್ತಿನ ಗಾಡಿಯಲ್ಲಿ ದಿನಕ್ಕೆ ಏಳೆಂಟು ಹರದಾರಿ ಸಾಗುವ ಕಾಳು ಸಂತೆಯನ್ನು ದಾಟಿ ಬಹು ದೂರ ಹೋಗಲಾರದು. ವ್ಯಾಗನ್ನಿನಲ್ಲಿ ಸಾಗುವ ಕಾಳಿಗೆ ಆ ಮಿತಿಯಿಲ್ಲ.

ರೈಲು ಬಂದ ಮೇಲೆ ಮೊದಲು ಎದ್ದುದು ಬೇಳೆಯ ಗಿರಣಿಯಲ್ಲ, ಬಟ್ಟೆಯ ಗಿರಣಿ. ಆರನೆಯ ನಿಜಾಮರಾದ ಮಹಬೂಬ್ ಅಲಿ ಖಾನರ ಹೆಸರನ್ನು ಹೊತ್ತ ಮಹಬೂಬ ಶಾಹಿ ಗಿರಣಿಯು 19ನೆಯ ಶತಮಾನದ ಕೊನೆಯ ಭಾಗದಲ್ಲಿ ಇಲ್ಲಿ ಸ್ಥಾಪಿತವಾಯಿತು. ಬಹು ದೊಡ್ಡ ಕಾರಖಾನೆ. ಸಾವಿರಾರು ಸಂಸಾರಗಳು ಅದರ ಕೊಂಬಿನ ಕೂಗಿಗೆ ಎದ್ದು ಮಲಗುತ್ತಿದ್ದವು. ಆದರೆ ಅದರ ಸುತ್ತ ಸೊಲ್ಲಾಪುರದಂತೆ ಮಗ್ಗಗಳ ಊರೊಂದು ಬೆಳೆಯಲಿಲ್ಲ. ಸೊಲ್ಲಾಪುರದಲ್ಲಿ ದೊಡ್ಡ ಗಿರಣಿಗಳ ಮಗ್ಗುಲಲ್ಲಿಯೇ ತೆಲಂಗಾಣದಿಂದ ಬಂದ ಪದ್ಮಶಾಲಿ ನೇಕಾರರ ಮನೆಮನೆಯ ಮಗ್ಗಗಳಿದ್ದವು. ಗಿರಣಿಗಳು ಮುಳುಗಿದ ಮೇಲೂ ಚಾದರದ ಕಸುಬು ಅಲ್ಲಿ ಬದುಕಿತು. ಕಲಬುರಗಿಯಲ್ಲಿ ಇದ್ದುದು ಒಂದೇ ದೊಡ್ಡ ಮರ, ಬುಡದಲ್ಲಿ ಸಸಿಗಳಿರಲಿಲ್ಲ. ಮರ ಬಿದ್ದಿತು. ಈಗ ಆ ಹೆಸರು ಒಂದು ಬಡಾವಣೆಗೆ ಉಳಿದುಕೊಂಡಿದೆ. ಕಾರಖಾನೆಯ ದೊಡ್ಡತನವೇ ಬೇರೆ, ಕಸುಬಿನ ದಟ್ಟತನವೇ ಬೇರೆ ಎಂಬುದನ್ನು ತಿಳಿಯಲು ಇದಕ್ಕಿಂತ ಹತ್ತಿರದ ನಿದರ್ಶನವು ನಮಗೆ ದೊರೆಯಲಾರದು.

ಇನ್ನು ತೊಗರಿ. ಭೀಮಾ ನದಿಯ ಸೀಮೆಯ ಎರೆಯ ಭೂಮಿ, ವರ್ಷಕ್ಕೆ ಸುಮಾರು 750 ಮಿಲಿಮೀಟರಿನ ನಂಬಲಾಗದ ಮಳೆ, ಇವೆರಡಕ್ಕೂ ಹೊಂದಿಕೊಳ್ಳತಕ್ಕ ಬೆಳೆಗಳು ಕೆಲವೇ. ತೊಗರಿಯ ಬೇರು ಆಳಕ್ಕೆ ಇಳಿಯುತ್ತದೆ. ಮೇಲಿನ ಮಣ್ಣು ಬಿರುಕುಬಿಟ್ಟ ಮೇಲೂ ಎರೆಯು ಹಿಡಿದಿಟ್ಟುಕೊಂಡ ತೇವವನ್ನು ಹುಡುಕಿ ಕುಡಿಯುತ್ತದೆ. ಮುಂಗಾರಿನಲ್ಲಿ ಬಿತ್ತಿದುದನ್ನು ಡಿಸೆಂಬರು ಜನವರಿಯಲ್ಲಿ ಕೊಯ್ಯುತ್ತಾರೆ. ಕಾಳನ್ನು ಮಾರಬಹುದು, ಹೊಟ್ಟನ್ನು ದನಕ್ಕೆ ಹಾಕಬಹುದು, ಕಟ್ಟಿಗೆಯನ್ನು ಒಲೆಗೆ ಒಡ್ಡಬಹುದು. ಉದುರಿದ ಎಲೆಯೂ ಬೇರಿನ ಗಂಟುಗಳೂ ಭೂಮಿಗೆ ಸಾರವಾಗುತ್ತವೆ. ಜೋಳದ ರೊಟ್ಟಿಗೆ ಬೇಳೆಯ ಮುದ್ದಿಯನ್ನು ಹಚ್ಚಿ ಉಣ್ಣುವ ಈ ಸೀಮೆಯ ಜನಕ್ಕೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಬೆಳೆಯೊಂದೇ ಕೈಗಾರಿಕೆಯನ್ನು ಕಟ್ಟುವುದಿಲ್ಲ. ತೊಗರಿಯನ್ನು ಹೆಚ್ಚಾಗಿ ಬೆಳೆದು, ಕಾಳನ್ನು ಹಾಗೆಯೇ ಹೊರಗೆ ಕಳುಹಿಸಿ, ಬೇಳೆಯನ್ನು ಮರಳಿ ಕೊಂಡು ತಿನ್ನುವ ಸೀಮೆಗಳೂ ಉಂಟು. ಕಲಬುರಗಿಯು ಬೇಳೆಯನ್ನು ತಾನೇ ಒಡೆಯಲು ಕಾರಣವೇನು?

ಈ ಪ್ರಶ್ನೆಗೆ ಉತ್ತರವು ಕಾಳಿನ ಸಿಪ್ಪೆಯಲ್ಲಿದೆ. ಕಡಲೆಯ ಸಿಪ್ಪೆ ಸುಲಭವಾಗಿ ಬಿಡುತ್ತದೆ, ತೊಗರಿಯದು ಬಿಡುವುದಿಲ್ಲ. ಸಿಪ್ಪೆಗೂ ತಿರುಳಿಗೂ ನಡುವೆ ಅಂಟಿನಂತಹ ಒಂದು ಪದರವಿದ್ದು ಅದು ಎರಡನ್ನೂ ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ನಮ್ಮ ಅಜ್ಜಿಯಂದಿರು ಇದಕ್ಕೆ ಕಂಡುಕೊಂಡ ಉಪಾಯವು ಕೆಮ್ಮಣ್ಣು. ಕಾಳನ್ನು ನೆನೆಯಿಟ್ಟು, ಕೆಮ್ಮಣ್ಣಿನ ಕೆಸರನ್ನು ಕಲಸಿ, ಬಿಸಿಲಿನಲ್ಲಿ ಹರವಿ, ಒಣಗಿದ ಮೇಲೆ ಮಣ್ಣನ್ನು ಜರಡಿಯಾಡಿ ಬೀಸುಕಲ್ಲಿಗೆ ಹಾಕುತ್ತಿದ್ದರು. ಹೀಗೆ ಒಡೆದ ಬೇಳೆಗೆ ಒಳ್ಳೆಯ ರುಚಿಯುಂಟೆಂದು ಹಳಬರು ಇಂದಿಗೂ ವಾದಿಸುತ್ತಾರೆ. ಆದರೆ ನುಚ್ಚು ಬಹಳ. ದುಡಿಮೆ ಅದಕ್ಕಿಂತಲೂ ಬಹಳ.

ಗಿರಣಿಯವರ ಕ್ರಮ ಬೇರೆ. ಕಾಳನ್ನು ಸೋಸಿ, ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸಿ, ಕುರಂದದ ಪುಡಿಯನ್ನು ಹಚ್ಚಿದ ಉರುಳೆಯ ಮೇಲೆ ಹಾಯಿಸುತ್ತಾರೆ. ಈ ಮೊದಲ ಸುತ್ತಿನಲ್ಲಿ ಬೇಳೆ ಒಡೆಯುವುದಿಲ್ಲ; ಸಿಪ್ಪೆಯ ಮೇಲೆ ಗೀರುಗಳು ಬೀಳುತ್ತವೆ, ಅಷ್ಟೆ. ಬಳಿಕ ಸ್ವಲ್ಪ ಎಣ್ಣೆಯನ್ನು ಸವರಿ ರಾಶಿಹಾಕುತ್ತಾರೆ. ಗೀರುಗಳ ಮೂಲಕ ಎಣ್ಣೆಯು ಒಳಗಿಳಿದು ಅಂಟನ್ನು ಸಡಿಲಿಸುತ್ತದೆ. ಮರುದಿನದಿಂದ ಅಂಗಳದಲ್ಲಿಯೋ ಮಾಳಿಗೆಯ ಮೇಲೆಯೋ ಹರವಿ ಎರಡು ಮೂರು ದಿನ ಬಿಸಿಲಿಗೆ ಒಡ್ಡುತ್ತಾರೆ. ರಾತ್ರಿ ರಾಶಿಮಾಡಿ ಮುಚ್ಚುತ್ತಾರೆ. ಹಗಲಿನ ಕಾವನ್ನು ರಾಶಿಯ ಒಡಲು ರಾತ್ರಿಯೆಲ್ಲ ಹಂಚಿಕೊಳ್ಳುತ್ತದೆ. ಆಮೇಲೆ ನೀರು ಚಿಮುಕಿಸಿ ಮತ್ತೆ ಒಂದು ರಾತ್ರಿ. ಆಗ ಉರುಳೆಗೆ ಕೊಟ್ಟರೆ ಸಿಪ್ಪೆ ಬಿಡುತ್ತದೆ, ಕಾಳು ಎರಡಾಗುತ್ತದೆ. ಒಡೆಯದೆ ಉಳಿದ ಬೆತ್ತಲೆ ಕಾಳಿಗೆ ‘ಗೋಟಾ’ ಎಂದು ಹೆಸರು. ಅದನ್ನು ಮತ್ತೆ ನೀರಿಗೂ ಬಿಸಿಲಿಗೂ ಉರುಳೆಗೂ ಕಳುಹಿಸಬೇಕು. ಹೀಗೆ ಮೂರು ನಾಲ್ಕು ಸುತ್ತಾದ ಮೇಲೆ 100 ಕಿಲೋ ತೊಗರಿಯಿಂದ 70–75 ಕಿಲೋ ಬೇಳೆ ಕೈಗೆ ಹತ್ತುತ್ತದೆ. ಕಾಳಿನಲ್ಲಿ ತಿರುಳಿನ ಪಾಲು 85ಕ್ಕೂ ಮೇಲಿರುವುದರಿಂದ ನಡುವಣ ಹತ್ತು ಹನ್ನೆರಡು ಕಿಲೋ ನುಚ್ಚಾಗಿಯೂ ಹಿಟ್ಟಾಗಿಯೂ ಹೋಗುತ್ತದೆ. ಗಿರಣಿಯ ಲಾಭನಷ್ಟವೆಲ್ಲ ಈ ಹತ್ತು ಹನ್ನೆರಡು ಕಿಲೋಗಳ ಒಳಗೆ ಅಡಗಿದೆಯೆಂದರೆ ತಪ್ಪಾಗಲಾರದು.

ಶ್ರೋತೃಗಳು ಗಮನಿಸಿರಬಹುದು: ಈ ಕೆಲಸದಲ್ಲಿ ಯಂತ್ರವು ಮಾಡುವುದು ಗಳಿಗೆಗಳ ಕೆಲಸ, ಬಿಸಿಲು ಮಾಡುವುದು ದಿನಗಳ ಕೆಲಸ. ತೊಗರಿಯು ಪೇಟೆಗೆ ಬರುವುದು ಜನವರಿಯಲ್ಲಿ. ಅಲ್ಲಿಂದ ಮೇ ತಿಂಗಳವರೆಗೆ ಕಲಬುರಗಿಯ ಆಕಾಶದಲ್ಲಿ ಮೋಡವೇ ಅಪರೂಪ. ಬೇಸಿಗೆಯಲ್ಲಿ ಕಾವು 40 ಡಿಗ್ರಿಯನ್ನು ದಾಟುವುದು ವಾಡಿಕೆ. ವರ್ಗವಾಗಿ ಬಂದ ಸರಕಾರಿ ನೌಕರರು ಶಪಿಸುವ ಈ ಬಿಸಿಲೇ ಗಿರಣಿಯ ಒಡೆಯನಿಗೆ ಖರ್ಚಿಲ್ಲದ ಇಂಧನ. ಕಾಳು, ಬಿಸಿಲು, ರೈಲು ಮೂರೂ ಒಂದೇ ಊರಿನಲ್ಲಿ ಒಂದೇ ಹಂಗಾಮಿನಲ್ಲಿ ಕೂಡಿಬಂದುದು ಕಲಬುರಗಿಯ ಭಾಗ್ಯ. 20ನೆಯ ಶತಮಾನದ ಉತ್ತರಾರ್ಧದಲ್ಲಿ ವಿದ್ಯುತ್ತೂ ಲಾರಿಯೂ ಜೊತೆಗೂಡಿದ ಮೇಲೆ ಗಿರಣಿಗಳ ಸಂಖ್ಯೆಯು ನೂರನ್ನು ದಾಟಿ ಬೆಳೆಯಿತು. ನೆಹರೂ ಗಂಜಿನ ಸುತ್ತಲೂ, ಹುಮನಾಬಾದು ರಸ್ತೆಯಲ್ಲಿಯೂ, ಮುಂದೆ ಕಪನೂರು ನಂದೂರುಗಳ ಕೈಗಾರಿಕಾ ವಸಾಹತುಗಳಲ್ಲಿಯೂ ಅವು ಹರಡಿಕೊಂಡವು.

ಇಲ್ಲಿಂದ ಮುಂದೆ ಕೆಲಸಮಾಡತಕ್ಕದ್ದು ಪ್ರಕೃತಿಯಲ್ಲ, ನೆರೆ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞನಾದ ಆಲ್ಫ್ರೆಡ್ ಮಾರ್ಷಲನು 1890ರಲ್ಲಿ ಪ್ರಕಟಿಸಿದ ತನ್ನ ದೊಡ್ಡ ಗ್ರಂಥದಲ್ಲಿ ಇಂಥ ಊರುಗಳ ಮಾತನ್ನು ಎತ್ತಿದ್ದಾನೆ. ಚೂರಿ ಕತ್ತರಿಗಳ ಷೆಫೀಲ್ಡು, ಮಣ್ಣಿನ ಪಾತ್ರೆಗಳ ಸ್ಟಾಫರ್ಡ್‌ಷೈರು ಆತನ ಕಣ್ಣಮುಂದಿದ್ದವು. ಕುಶಲ ಕೆಲಸಗಾರರು ಒಂದೆಡೆ ದೊರೆಯುವುದು, ಮುಖ್ಯ ಕಸುಬಿಗೆ ಒದಗುವ ಉಪಕಸುಬುಗಳು ಬಳಿಯಲ್ಲಿಯೇ ಹುಟ್ಟುವುದು, ಕೆಲಸದ ಗುಟ್ಟು ಗುಟ್ಟಾಗಿ ಉಳಿಯದೆ ಊರಿಗೆಲ್ಲ ತಿಳಿದುಹೋಗುವುದು, ಈ ಮೂರರಿಂದ ನೆರೆಯವರಿಬ್ಬರೂ ಬೆಳೆಯುತ್ತಾರೆಂಬುದು ಆತನ ಅಭಿಪ್ರಾಯದ ಸಾರ. ಒಂದು ಶತಮಾನ ಕಳೆಯುವುದರೊಳಗೆ ಇಟಲಿಯ ಪಂಡಿತನಾದ ಬೆಕತ್ತೀನಿಯು ಈ ವಿಚಾರವನ್ನು ಮತ್ತೆ ಕೈಗೆತ್ತಿಕೊಂಡನು. ಫ್ಲಾರೆನ್ಸಿನ ಬಳಿಯ ಪ್ರಾತೋ ಎಂಬ ಉಣ್ಣೆಯ ಊರು ಇಂಥ ನೆಲೆಗಳ ಪ್ರಸಿದ್ಧ ನಿದರ್ಶನವಾಯಿತು. ಅಲ್ಲಿ ಒಂದೊಂದು ಪುಟ್ಟ ಕಾರಖಾನೆಯೂ ಒಂದೊಂದು ಹಂತದ ಕೆಲಸವನ್ನು ಮಾತ್ರ ಮಾಡುತ್ತಿದ್ದಿತು.

ಗಂಜಿನ ಓಣಿಗಳಲ್ಲಿ ಅರ್ಧ ದಿನ ಅಡ್ಡಾಡಿದರೆ ಮಾರ್ಷಲನ ಪುಸ್ತಕವನ್ನು ತೆರೆಯಬೇಕಾದುದೇ ಇಲ್ಲ. ಉರುಳೆಯ ಮೇಲಿನ ಕುರಂದವು ಸವೆಯುತ್ತದೆ. ಸವೆದ ಉರುಳೆಯಿಂದ ಸಿಪ್ಪೆ ಬಿಡದು, ಹೊಸದಾಗಿ ಹಚ್ಚಿದ ಉರುಳೆ ತೀರ ಒರಟಾಗಿದ್ದರೆ ಬೇಳೆ ನುಚ್ಚಾಗುತ್ತದೆ. ಇದನ್ನು ಹದವಾಗಿ ಹಚ್ಚಬಲ್ಲವನು ದೂರದ ಊರಿನಿಂದ ಬರುವುದಾದರೆ ಗಿರಣಿಯು ಹಂಗಾಮಿನ ನಡುವೆ ಸುಮ್ಮನೆ ನಿಲ್ಲಬೇಕು. ನೂರು ಗಿರಣಿಗಳಿದ್ದರೆ ಆತನು ಈ ಊರಿನಲ್ಲಿಯೇ ಮನೆಮಾಡುತ್ತಾನೆ. ಹತ್ತು ಗಿರಣಿಗಳಿದ್ದರೆ ಮಾಡುವುದಿಲ್ಲ. ಗೋಣಿಚೀಲವನ್ನು ಹೊಲಿಯುವವರು, ಜರಡಿಯ ತಗಡನ್ನು ತೂತು ಹೊಡೆಯುವವರು, ಮೋಟಾರಿಗೆ ತಂತಿ ಸುತ್ತುವವರು, ಲಾರಿ ಗೊತ್ತುಮಾಡಿಕೊಡುವವರು ಎಲ್ಲರದೂ ಇದೇ ಲೆಕ್ಕ. ಸಿಪ್ಪೆಯೂ ಚುನ್ನಿಯೂ ದನದ ಮೇವಿನ ವ್ಯಾಪಾರಕ್ಕೆ ಹೋಗುತ್ತವೆ. ಒಂದು ಗಿರಣಿಯ ಚುನ್ನಿಯನ್ನು ಕೊಳ್ಳಲು ಯಾರೂ ಲಾರಿ ತರುವುದಿಲ್ಲ, ಐವತ್ತು ಗಿರಣಿಗಳದ್ದಾದರೆ ತರುತ್ತಾರೆ. ಒಂದು ಗಿರಣಿಯಲ್ಲಿ ಎಣ್ಣೆಯ ಪ್ರಮಾಣವನ್ನು ಸ್ವಲ್ಪ ಬದಲಿಸಿ ಒಳ್ಳೆಯ ‘ಫಟಕಾ’ ಬೇಳೆಯನ್ನು ತೆಗೆದರೆ ಆ ವಾರ ಮುಗಿಯುವುದರೊಳಗೆ ಆ ಸಮಾಚಾರವು ಹಮಾಲರ ಬಾಯಿಂದ ಓಣಿಯನ್ನೆಲ್ಲ ಸುತ್ತಿಬರುತ್ತದೆ. ಗುಟ್ಟನ್ನು ಕಾಯುವುದಕ್ಕಾಗಿ ಒಡೆಯರು ಪಡುವ ಪಾಡು ನೋಡುವಂತಿರುತ್ತದೆ, ಫಲವಂತೂ ಇಲ್ಲ.

ಈ ಕುಶಲತೆಯ ಲೆಕ್ಕದಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗತಕ್ಕವರು ಹೆಂಗಸರು. ಅಂಗಳದಲ್ಲಿ ಕಾಳನ್ನು ಹರವಿ, ಕಾಲಿನಿಂದ ಸಾಲುಗೆರೆ ಎಳೆಯುತ್ತ ತಿರುವಿಹಾಕುವವರು ಅವರು. ಒಂದು ಕಾಳನ್ನು ಹಲ್ಲಿನ ನಡುವೆ ಕಡಿದು ಇನ್ನೊಂದು ದಿನದ ಬಿಸಿಲು ಬೇಕೆ ಬೇಡವೆ ಎಂದು ಹೇಳಬಲ್ಲವರು ಅವರಲ್ಲಿ ಹಲವರುಂಟು. ಆ ತೀರ್ಮಾನವು ಒಂದು ದಿನ ತಪ್ಪಿದರೆ ನುಚ್ಚಿನ ರಾಶಿ ಬೆಳೆಯುತ್ತದೆ. ಇವರ ಕೂಲಿಯಾದರೋ ಕಸಗುಡಿಸುವ ಕೆಲಸದ ಕೂಲಿಯೇ. ಗಿರಣಿಯ ಲೆಕ್ಕದ ಪುಸ್ತಕದಲ್ಲಿ ಯಂತ್ರದ ಸವಕಳಿಗೆ ಒಂದು ಕಲಮು ಇರುತ್ತದೆ. ಬಿಸಿಲಿನಲ್ಲಿ ಸವೆಯುವ ಈ ಕಣ್ಣುಗಳಿಗೂ ಮೊಣಕಾಲುಗಳಿಗೂ ಅಂಥ ಕಲಮನ್ನು ನಾವು ಎಲ್ಲಿಯೂ ಕಾಣಲಿಲ್ಲ.

ಇನ್ನು ಪೇಟೆಯ ನಂಬಿಕೆಯ ವಿಷಯ. ಗಿರಣಿಯವನು ಕಾಳನ್ನು ರೈತನ ಹೊಲದಲ್ಲಿ ಕೊಳ್ಳುವುದಿಲ್ಲ. ಗಂಜಿನ ಅಡತಿ ಅಂಗಡಿಯ ಮುಂದೆ ಸುರಿದ ರಾಶಿಯಿಂದ ಕೊಳ್ಳುತ್ತಾನೆ. ಅಡತಿಯವನು ರೈತನಿಗೆ ಹಣವನ್ನು ಕೂಡಲೆ ಎಣಿಸಿ, ಗಿರಣಿಯವನಿಂದ ಕೆಲವು ದಿನಗಳ ಮೇಲೆ ಪಡೆಯುತ್ತಾನೆ. ಈ ನಡುವಣ ದಿನಗಳ ಸಾಲವೇ ಸಣ್ಣ ಗಿರಣಿಯ ಬಂಡವಾಳ. ಬ್ಯಾಂಕು ಕೇಳುವ ಜಾಮೀನು ಇಲ್ಲಿ ಬೇಕಿಲ್ಲ. ಮುಖಪರಿಚಯವೂ ಮಾತೂ ಸಾಕು. ಊರು ಬಿಟ್ಟು ದೂರದಲ್ಲಿ ಗಿರಣಿ ಹಾಕಿದವನಿಗೆ ಈ ಸಾಲ ಹುಟ್ಟುವುದು ಕಷ್ಟ.

ಆದರೆ ಇದೇ ಅಡತಿಯವನು ಬಿತ್ತನೆಯ ಕಾಲದಲ್ಲಿ ರೈತನಿಗೆ ಮುಂಗಡ ಕೊಟ್ಟಿರುತ್ತಾನೆ. ಅದನ್ನು ಪಡೆದವನು ಬೇರೆ ಅಂಗಡಿಗೆ ಕಾಳು ಒಯ್ಯುವಂತಿಲ್ಲ. ತೂಕದಲ್ಲಿ ಕಡಿತ, ಬಟ್ಟೆಯ ಮರೆಯಲ್ಲಿ ಬೆರಳು ಮುಟ್ಟಿ ಬೆಲೆ ಕಟ್ಟುವುದು, ಮಾದರಿಯ ಹೆಸರಿನಲ್ಲಿ ಮುಷ್ಟಿ ಮುಷ್ಟಿ ಕಾಳು ಎತ್ತುವುದು, ಇವು ದೇಶದ ಹಳೆಯ ಪೇಟೆಗಳಲ್ಲೆಲ್ಲ ಇದ್ದ ರೂಢಿಗಳು. ಇವಕ್ಕೆ ಕಡಿವಾಣ ಹಾಕುವ ಪ್ರಯತ್ನದ ಚರಿತ್ರೆಯಲ್ಲಿ ನಿಜಾಮರ ಸೀಮೆಗೆ ಒಂದು ಸ್ಥಾನವಿದೆ. ಅಂದು ಹೈದರಾಬಾದಿನ ರೆಸಿಡೆಂಟರ ಆಡಳಿತಕ್ಕೆ ಒಳಪಟ್ಟಿದ್ದ ವರಾಡದ ಕಾರಂಜದಲ್ಲಿ 1886ರಲ್ಲಿ ಸ್ಥಾಪಿತವಾದ ಹತ್ತಿಯ ಪೇಟೆಯೇ ಭಾರತದ ಮೊದಲ ನಿಯಂತ್ರಿತ ಪೇಟೆ. 1897ರಲ್ಲಿ ವರಾಡಕ್ಕೆ ಹತ್ತಿ ಮತ್ತು ಧಾನ್ಯದ ಪೇಟೆಗಳ ಕಾನೂನು ಬಂದಿತು. 1928ರಲ್ಲಿ ರಾಯಲ್ ಕೃಷಿ ಆಯೋಗವು ಎಲ್ಲ ಪ್ರಾಂತಗಳಿಗೂ ಇಂಥ ಪೇಟೆಗಳನ್ನು ಶಿಫಾರಸು ಮಾಡಿತು. ಹೈದರಾಬಾದು ಸಂಸ್ಥಾನವು 1930ರಲ್ಲಿ ತನ್ನ ಕಾನೂನನ್ನು ಮಾಡಿತು. 1956ರಲ್ಲಿ ಕಲಬುರಗಿಯು ಮೈಸೂರು ರಾಜ್ಯವನ್ನು ಸೇರಿ, 1966ರ ಕಾನೂನಿನಿಂದ ರಾಜ್ಯಕ್ಕೆಲ್ಲ ಒಂದೇ ಕ್ರಮವಾಯಿತು. 2014ರಿಂದ ಬೆಲೆಯನ್ನು ಕಂಪ್ಯೂಟರಿನ ಮೂಲಕ ಕೂಗುವ ಏರ್ಪಾಡೂ ಬಂದಿದೆ. ಬಟ್ಟೆಯ ಮರೆಯ ಬೆರಳು ಹೋಯಿತು. ಬಿತ್ತನೆಯ ಮುಂಗಡ ಮಾತ್ರ ಉಳಿಯಿತು. ಕಾನೂನು ಬೆಲೆಯ ಕೂಗನ್ನು ತಿದ್ದಬಲ್ಲುದು, ಸಾಲದ ಗಂಟನ್ನು ಬಿಡಿಸಲು ಅದರ ಕೈ ಅಷ್ಟಾಗಿ ಎಟುಕಿಲ್ಲ.

ಈ ಮಾತಿನ ತೂಕವು ತಿಳಿಯಬೇಕಾದರೆ 1997–98ರ ಹಂಗಾಮನ್ನು ನೆನೆಯಬೇಕು. ತೊಗರಿಗೆ ಇಬ್ಬರು ಶತ್ರುಗಳು. ಒಂದು ನೆಟೆರೋಗ, ಗಿಡವು ನಿಂತಲ್ಲಿಯೇ ಒಣಗುತ್ತದೆ. ಇನ್ನೊಂದು ಕಾಯಿಕೊರಕ ಹುಳು. ನೆಟೆರೋಗವನ್ನು ತಡೆದುಕೊಳ್ಳಬಲ್ಲ ‘ಮಾರುತಿ’ ತಳಿಯನ್ನು 1986ರಲ್ಲಿ ಬಿಡುಗಡೆ ಮಾಡಿದ್ದರು. 1972ರಲ್ಲಿ ಹೈದರಾಬಾದಿನ ಬಳಿಯ ಪಟಾಂಚೆರುವಿನಲ್ಲಿ ಸ್ಥಾಪಿತವಾದ ಇಕ್ರಿಸ್ಯಾಟ್ ಸಂಸ್ಥೆಯ ಕಾರ್ಯಗಳಲ್ಲಿ ಇದೂ ಒಂದು. ಹುಳುವಿಗೆ ಮಾತ್ರ ಅಷ್ಟು ಸುಲಭವಾದ ಮದ್ದು ದೊರೆಯಲಿಲ್ಲ. ಗಿಡದ ಕೆಳಗೆ ಬಟ್ಟೆ ಹಾಸಿ, ಗಿಡವನ್ನು ಅಲುಗಿಸಿ, ಉದುರಿದ ಹುಳುವನ್ನು ಕೊಲ್ಲುವ ಹಳೆಯ ರೂಢಿಯು ಈ ಸೀಮೆಯ ರೈತರಲ್ಲಿ ಉಂಟು; ವಿಜ್ಞಾನಿಗಳೂ ಅದನ್ನು ಮೆಚ್ಚಿದ್ದಾರೆ. ಆದರೆ ಆ ವರ್ಷ ಸಾಲಮಾಡಿ ಔಷಧ ಹೊಡೆದರೂ ಬೆಳೆ ಉಳಿಯಲಿಲ್ಲ. ಬೀದರ ಕಲಬುರಗಿಗಳ ರೈತರು ಪ್ರಾಣ ಕಳೆದುಕೊಂಡ ವರ್ತಮಾನಗಳು ಒಂದರ ಮೇಲೊಂದು ಬಂದವು. ಅದೇ ಸಾಲದಿಂದ ಗಿರಣಿಯ ಚಕ್ರವೂ ತಿರುಗುತ್ತಿದ್ದಿತೆಂಬುದನ್ನು ನಾವು ಮರೆಯಬಾರದು. ಒಂದೇ ಹಗ್ಗವು ಒಬ್ಬನನ್ನು ಮೇಲಕ್ಕೆ ಎತ್ತಿತು, ಇನ್ನೊಬ್ಬನನ್ನು ಬಿಗಿದುಬಿಟ್ಟಿತು.

ಇದೇ ಸೀಮೆಯ ಇನ್ನೆರಡು ಕಸುಬುಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ವಿಷಯವು ಇನ್ನಷ್ಟು ತಿಳಿಯಾಗುತ್ತದೆ. ಶಹಾಬಾದಿನ ಸುಣ್ಣಗಲ್ಲು ಪದರ ಪದರವಾಗಿ ಮಲಗಿದೆ. ಉಳಿಯನ್ನಿಟ್ಟು ಸುತ್ತಿಗೆಯಿಂದ ತಟ್ಟಿದರೆ ಹಲಗೆಯಂತೆ ಏಳುತ್ತದೆ. ದೇಶದ ಎಷ್ಟೋ ರೈಲು ನಿಲ್ದಾಣಗಳ ನೆಲ ಈ ಫರಸಿಯದೇ. ಗಣಿ, ಕೊರೆಯುವ ಯಂತ್ರ, ಉಜ್ಜುವ ಯಂತ್ರ, ಸಾಗಿಸುವ ಲಾರಿ, ಇವೆಲ್ಲ ಅಲ್ಲಿಯೂ ಒತ್ತಾಗಿ ಬೆಳೆದಿವೆ. ಅದೇ ಸುಣ್ಣಗಲ್ಲನ್ನು ನೆಚ್ಚಿ 1920ರ ದಶಕದಲ್ಲಿ ಸಿಮೆಂಟಿನ ಕಾರಖಾನೆ ಎದ್ದಿತು. 1936ರಲ್ಲಿ ಹಲವು ಕಂಪನಿಗಳು ಕೂಡಿ ಏ.ಸಿ.ಸಿ. ಆದಾಗ ಅದೂ ಅದರೊಳಗೆ ಸೇರಿತು. ಇನ್ನೊಂದು ನಿದರ್ಶನವು ಕಮಲಾಪುರದ ಕೆಂಪು ಬಾಳೆ. ರುಚಿಗೂ ಬಣ್ಣಕ್ಕೂ ಹೆಸರಾದ ಹಣ್ಣು; ಊರಿನ ಹೆಸರಿನ ಮುದ್ರೆಯೂ ಅದಕ್ಕೆ ದೊರೆತಿದೆ. ಆದರೆ ಅದನ್ನು ಕೊಂಡವನು ಸಿಪ್ಪೆ ಸುಲಿದು ತಿನ್ನುತ್ತಾನೆ. ನಡುವೆ ಯಾರಿಗೂ ಕೆಲಸವಿಲ್ಲ. ಬೆಳೆಯುವ ಭೂಮಿಯೂ ಚಿಕ್ಕದು. ಹೆಸರಿನಿಂದಲೇ ಕೈಗಾರಿಕೆ ಹುಟ್ಟುವಂತಿದ್ದರೆ ಕಮಲಾಪುರವು ಕಲಬುರಗಿಯನ್ನು ಎಂದೋ ಮೀರಿಸುತ್ತಿದ್ದಿತು. ತೊಗರಿಯ ಮೊಂಡು ಸಿಪ್ಪೆಯೇ ಅದರ ಪುಣ್ಯವೆಂದು ನಮಗೆ ತೋರುತ್ತದೆ.

ಈಚಿನ ದಿನಗಳ ಕಥೆ ಅಷ್ಟು ಹಿತವಾದುದಲ್ಲ. ದೇಶದ ಊಟಕ್ಕೆ ದೇಶದ ತೊಗರಿ ಸಾಲದೆ ಬರ್ಮಾದಿಂದಲೂ ಪೂರ್ವ ಆಫ್ರಿಕದ ಮೊಜಾಂಬಿಕ್, ತಾಂಜಾನಿಯ, ಮಲಾವಿಗಳಿಂದಲೂ ಹಡಗಿನಲ್ಲಿ ತರಿಸುವುದು ಬೆಳೆಯಿತು. ಹಡಗು ನಿಲ್ಲುವುದು ಮುಂಬಯಿಯಲ್ಲಿ, ಚೆನ್ನೈಯಲ್ಲಿ. ಅಲ್ಲಿ ಇಳಿದ ಕಾಳು ಕಲಬುರಗಿಯವರೆಗೆ ಬಂದು ಬೇಳೆಯಾಗಿ ಮತ್ತೆ ಅಲ್ಲಿಗೇ ಹೋಗುವುದರಲ್ಲಿ ಅರ್ಥವೇನು? ಬಿಸಿಲಿನ ಬದಲು ಬಿಸಿಗಾಳಿಯಿಂದ ಒಣಗಿಸುವ ಯಂತ್ರಗಳೂ ಬಂದವು. 1950ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯವು ಮೋಡವನ್ನು ಲೆಕ್ಕಿಸದೆ ಬೇಳೆ ಮಾಡುವ ಕ್ರಮವನ್ನೂ ಹಳ್ಳಿಯಲ್ಲಿ ಇಡಬಹುದಾದ ಪುಟ್ಟ ಗಿರಣಿಯನ್ನೂ ರೂಪಿಸಿತು. ವಿಜ್ಞಾನದ ದೃಷ್ಟಿಯಿಂದ ಇದು ಉಪಕಾರವೇ. ಆದರೆ ಕಲಬುರಗಿಯ ಬಿಸಿಲಿಗಿದ್ದ ಬೆಲೆ ಅಷ್ಟರಮಟ್ಟಿಗೆ ಇಳಿಯಿತು.

2015ರ ಕೊನೆಯಲ್ಲಿ ಬೇಳೆಯ ಬೆಲೆ ಕಿಲೋಗೆ 200 ರೂಪಾಯಿಯ ಹತ್ತಿರಕ್ಕೆ ಏರಿದಾಗ ಮರುವರ್ಷ ರೈತರು ಎಲ್ಲೆಡೆಯೂ ತೊಗರಿಯನ್ನೇ ಬಿತ್ತಿದರು. 2016ರಲ್ಲಿ ಸರಕಾರವು ಮೊಜಾಂಬಿಕ್ ದೇಶದೊಡನೆ ವರ್ಷವರ್ಷವೂ ತೊಗರಿ ತರಿಸಿಕೊಳ್ಳುವ ಒಪ್ಪಂದವನ್ನೂ ಮಾಡಿಕೊಂಡಿತು. ಹಿಂದಿನ ವರ್ಷ ಸುಮಾರು 25 ಲಕ್ಷ ಟನ್ನಿದ್ದ ದೇಶದ ಫಸಲು 2016–17ರಲ್ಲಿ 48 ಲಕ್ಷ ಟನ್ನನ್ನು ಮೀರಿತು. ಕ್ವಿಂಟಲಿಗೆ 5,050 ರೂಪಾಯಿ ಬೆಂಬಲ ಬೆಲೆಯೆಂದು ಸಾರಿದ್ದರೂ ಪೇಟೆಯ ಬೆಲೆಯು ಅದರ ಕೆಳಕ್ಕೆ ಕುಸಿಯಿತು. ಗೋದಾಮಿಲ್ಲದ ರೈತನು ಜನವರಿಯಲ್ಲಿಯೇ ಮಾರಿದನು. ಬೆಲೆಯ ಈ ಏರಿಳಿತದಲ್ಲಿ ದಾಸ್ತಾನು ಇಡಬಲ್ಲ ದೊಡ್ಡವರು ತಡೆದುಕೊಂಡರು. ಗಂಜಿನ ಸಾಲವನ್ನೇ ನೆಚ್ಚಿದ್ದ ಸಣ್ಣ ಗಿರಣಿಗಳಲ್ಲಿ ಹಲವು ಬಾಗಿಲು ಮುಚ್ಚಿವೆ.

2019ರಲ್ಲಿ ‘ಗುಲ್ಬರ್ಗಾ ತೊಗರಿಬೇಳೆ’ಗೆ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಮಣ್ಣಿನಲ್ಲಿರುವ ಸುಣ್ಣದ ಅಂಶ, ಪೊಟ್ಯಾಸಿಯಂ, ಇವುಗಳಿಂದ ಬೇಳೆಗೆ ವಿಶೇಷವಾದ ರುಚಿಯೂ ಬೇಗ ಬೇಯುವ ಗುಣವೂ ಉಂಟೆಂದು ಹೇಳುತ್ತಾರೆ. ಸಂತೋಷದ ಸಂಗತಿಯೇ. ಆದರೆ ನಮ್ಮ ಅಭಿಪ್ರಾಯವನ್ನು ಹೇಳುವುದಾದರೆ, ಮುದ್ರೆಯು ಬೇಳೆಗೆ ಬಿದ್ದಿದೆ, ಚೀಲಕ್ಕೆ ಇನ್ನೂ ಗಟ್ಟಿಯಾಗಿ ಅಂಟಿಲ್ಲ. ಇಲ್ಲಿ ಒಡೆದ ಬೇಳೆಯು ದೊಡ್ಡ ನಗರದ ಯಾವನೋ ವರ್ತಕನ ಹೆಸರಿನ ಪೊಟ್ಟಣವನ್ನು ಸೇರಿದ ಮೇಲೆ ಕಲಬುರಗಿಯು ಎಲ್ಲಿ ಉಳಿಯಿತು? ಮಾದರಿಯನ್ನು ಪರೀಕ್ಷಿಸುವ ಕೂಡುಮನೆ, ಮಳೆಗಾಲಕ್ಕೆ ಕೂಡಿ ಬಳಸಬಹುದಾದ ಒಣಗಿಸುವ ಯಂತ್ರ, ರೈತನೂ ಗಿರಣಿಯವನೂ ನಂಬಿ ಕಾಳಿಡಬಹುದಾದ ಗೋದಾಮು, ಇವನ್ನು ಒಬ್ಬೊಬ್ಬರೇ ಮಾಡಲಾರರು. ಕೂಡಿ ಮಾಡುವ ಮನಸ್ಸು ಈ ಪೇಟೆಯಲ್ಲಿ ಬೇಕಾದಷ್ಟು ಬೆಳೆದಿಲ್ಲ. ನೆರೆಯಿಂದ ತಾನಾಗಿ ಬಂದ ಲಾಭವನ್ನೆಲ್ಲ ಎಲ್ಲರೂ ಉಂಡರು. ಯಾರಾದರೂ ಮುಂದಾಗಿ ಕೈಹಾಕಿ ಕಟ್ಟಬೇಕಾದ ಕೆಲಸವು ಮಾತ್ರ ನಿಂತಲ್ಲಿಯೇ ನಿಂತಿತು.

ಒಂದು ಏಪ್ರಿಲ್ ತಿಂಗಳ ಮಧ್ಯಾಹ್ನ ನಾವು ಹುಮನಾಬಾದು ರಸ್ತೆಯ ಒಂದು ಗಿರಣಿಯ ಅಂಗಳದಲ್ಲಿ ಕುಳಿತಿದ್ದೆವು. ಎರಡನೆಯ ದಿನದ ಬಿಸಿಲಿಗೆ ಕಾಳನ್ನು ಹರವಿದ್ದರು. ಅಷ್ಟರಲ್ಲಿ ಪಡುವಣ ದಿಕ್ಕಿನಲ್ಲಿ ಅಕಾಲದ ಮೋಡವೊಂದು ಎದ್ದಿತು. ಕಾಳನ್ನು ತಿರುವುತ್ತಿದ್ದ ಮುದುಕಿಯು ತಲೆಯೆತ್ತಿ ನೋಡಿ, “ಬಂತಲ್ರೀ ಯಪ್ಪಾ, ಮಳಿ!” ಎಂದು ಕೂಗಿದಳು. ಪಕ್ಕದ ಗೋಡೆಯ ಆಚೆಯಿಂದ ಹಮಾಲರು ನಾಲ್ವರು ತಾಡಪತ್ರಿಯನ್ನು ಹೊತ್ತುಕೊಂಡು ಓಡಿಬಂದರು. ಅದು ಎದುರಾಳಿಯ ಗಿರಣಿಯ ತಾಡಪತ್ರಿ. ಹೆಂಗಸರು ಕಾಳನ್ನು ಬಳಿದು ರಾಶಿಮಾಡಿದರು, ಇವರು ಮುಚ್ಚಿದರು. ಬಳಿಕ ಈ ಗಿರಣಿಯವರೆಲ್ಲ ಆ ಗಿರಣಿಯ ಅಂಗಳಕ್ಕೆ ಓಡಿದರು. ಮಳೆ ಹತ್ತು ಹನಿಗಿಂತ ಹೆಚ್ಚಾಗಿ ಬೀಳಲಿಲ್ಲ. ಮೋಡ ಸರಿದ ಮೇಲೆ ಇಬ್ಬರು ಒಡೆಯರೂ ಗೋಡೆಯ ಬಳಿ ನಿಂತು ಮಾತನಾಡಿದರು. ಒಬ್ಬರು ಆ ದಿನ ಕಾಳು ಕೊಂಡ ಧಾರಣೆಯನ್ನು ಕೇಳಿದರು. ಇನ್ನೊಬ್ಬರು ನಿಜವಾದ ಧಾರಣೆಗಿಂತ ಐವತ್ತು ರೂಪಾಯಿ ಕಡಮೆಮಾಡಿ ಹೇಳಿದರು. ಅಷ್ಟರೊಳಗೆ ಮುದುಕಿಯು ರಾಶಿಯ ಮೇಲಿನ ತಾಡಪತ್ರಿಯನ್ನು ಸರಿಸಿ, ಒಂದು ಕಾಳನ್ನು ಬಾಯಿಗೆ ಹಾಕಿಕೊಂಡು ಕಡಿದು ನೋಡುತ್ತಿದ್ದಳು.